ಸೂತಕವಿಲ್ಲದ ಮನೆ

ಹೋದ ತಿಂಗಳು ಒಂದು ಬೆಳಿಗ್ಗೆ ಸ್ಟುಡಿಯೋದ ಷಟರ್ ಎತ್ತಿ ದೇವರ ಪಟಕ್ಕೆ ಗಂಧದಕಡ್ಡಿ ಹಚ್ಚುತ್ತಿದ್ದೆ. ಅಕ್ಕನ ಮೈದುನ ಬಂದು ಮೆಟ್ಟಿಲ ಕೆಳಗೇ ನಿಂತ. ಒಳಗೆ ಬಾರಯ್ಯ ಎಂದರೂ ಕಾಲು ಎತ್ತಿಡಲಿಲ್ಲ.

“ಸೂತಕ ಕಣಣ್ಣ. ಅತ್ತಿಗೆ ಹೋಗ್ಬುಟ್ರು. ನೆನ್ನೆ ಮಣ್ಣು ಮಾಡಿದ್ವಿ.”

ನಾನು ಗಂಧದಕಡ್ಡಿ ಹಿಡಿದುಕೊಂಡೇ ಹೊರಗೆ ಬಂದೆ. ಏನಾಗಿತ್ತು ಎಂದು ಕೇಳಿದೆ. ಏನೂ ಇಲ್ಲವಂತೆ. ರೇಷ್ಮೆಹುಳಕ್ಕೆ ಸೊಪ್ಪು ಹಾಕಿ ಬಂದು ಜಗಲಿ ಮೇಲೆ ಕೂತವರು ಹಾಗೇ ಗೋಡೆಗೆ ಒರಗಿದರಂತೆ.

“ತಿಥಿಗೆ ಒಂದು ಪೋಟೋ ಬೇಕಲ್ಲ,” ಎಂದ. “ಆಧಾರ್ ಕಾರ್ಡಲ್ಲಿರೋದು ನೋಡಂಗಿಲ್ಲ, ಯಾರೋ ಕಳ್ಳೀನ ಹಿಡ್ಕೊಂಡು ಬಂದು ನಿಲ್ಸಿದಂಗೈತೆ. ನೀನು ದೊಡ್ಡದು ಮಾಡ್ಕೊಟ್ಟಿದ್ಯಲ್ಲ, ಅವ್ರ ಮನೆ ಗೋಡೆ ಮೇಲೈತಲ್ಲ, ಅದ್ರಿಂದ ಅವ್ರೊಬ್ರನ್ನೇ ಬಿಡಿಸಿ ಕೊಟ್ಬುಡು. ಜೊತೇಲಿರೋದು ಬ್ಯಾಡ.”

ನಾಳೆ ಮೂರನೇ ದಿನದ ಹಾಲುತುಪ್ಪ, ಬಂದುಬಿಡು ಎಂದು ಹೇಳಿ ಬಸ್ಸಿಗೆ ಹೊರಟುಹೋದ. ಜೊತೆಯಲ್ಲಿರುವುದು ಯಾರು, ಅದು ಯಾಕೆ ಬೇಡ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಓದುವವರಿಗೆ ಗೊತ್ತಾಗಬೇಕಾದರೆ ಅಕ್ಕನ ವಿಷಯ ಹೇಳಬೇಕು.

ನಾನು ಕನಕಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನು. ಸತ್ತವರ ಫೋಟೋ ದೊಡ್ಡದು ಮಾಡಿ, ಹಿಂದೆ ನೀಲಿ ಬಣ್ಣ ಕೊಟ್ಟು, ಕಟ್ಟು ಹಾಕಿಸಿ ಕೊಡುವುದೇ ಈಗ ನನ್ನ ಮುಖ್ಯ ಕಸುಬು. ಬದುಕಿದವರೆಲ್ಲ ಮೊಬೈಲಿನಲ್ಲಿ ತಾವೇ ತೆಗೆದುಕೊಳ್ಳುತ್ತಾರೆ. ನನ್ನ ಊರು ತಾಲ್ಲೂಕಿನ ಕೊನೆಗೆ, ಹೊಳೆಯ ದಡದಲ್ಲಿದೆ. ಅಕ್ಕನದೂ ಅದೇ ಊರು. ಒಡಹುಟ್ಟಿದವರಲ್ಲ, ಊರಿನ ಲೆಕ್ಕಕ್ಕೆ ಅಕ್ಕ. ಉದ್ದಕ್ಕೆ, ತೆಳ್ಳಗೆ ಇದ್ದರು. ಹಣೆಗೆ ಕಾಸಗಲ ಕುಂಕುಮ ಇಡುತ್ತಿದ್ದರು. ಹತ್ತಿರ ಬಂದರೆ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬರುತ್ತಿತ್ತು. ಮಾತಿನಲ್ಲಿ ಯಾರಿಗೂ ಸೋಲುತ್ತಿರಲಿಲ್ಲ. ನಾನು ಹೊಸದಾಗಿ ಸ್ಟುಡಿಯೋ ತೆರೆದಾಗ ಬಂದು ಸುತ್ತ ನೋಡಿ, “ಇಷ್ಟೊಂದು ಲೈಟ್ ಹಾಕಿದ್ರೂ ನಿನ್ ಮೊಕ ಕಪ್ಪಗೇ ಕಾಣ್ತದಲ್ಲಪ್ಪ” ಎಂದಿದ್ದರು. ಫೋಟೋ ಮಾತ್ರ ಹೊಡೆಸಿಕೊಳ್ಳಲಿಲ್ಲ. ತಮ್ಮ ಯಜಮಾನರು ಬಂದ ಮೇಲೆ ಇಬ್ಬರೂ ಸೇರಿ ಹೊಡೆಸಿಕೊಳ್ಳುತ್ತೇವೆ ಎಂದರು. ಆಗಲೇ ಅವರ ಯಜಮಾನರು ಹೊಳೆ ಪಾಲಾಗಿ ವರ್ಷಗಳಾಗಿದ್ದವು.

ಇನ್ನೊಂದು ಅಭ್ಯಾಸ ಅವರಿಗಿತ್ತು. ಊರಿಗೆ ಬಸ್ಸು ಬಂದು ನಿಂತಾಗ ಅರಳಿಕಟ್ಟೆ ಹತ್ತಿರ ಇದ್ದರೆ, ಎಲ್ಲರೂ ಇಳಿಯುವ ತನಕ ನೋಡುತ್ತಿದ್ದರು. ಕೊನೆಗೆ ಇಳಿದವರನ್ನು ಕೇಳುತ್ತಿದ್ದರು.

“ಹಿಂದೆ ಯಾರಾದ್ರೂ ಅವ್ರಾ?”

ಇಲ್ಲ ಕಣಕ್ಕ ಎಂದರೆ ತಲೆಯಾಡಿಸಿ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಊರಿನವರಿಗೆ ರೂಢಿಯಾಗಿತ್ತು. ಹೊಸ ಕಂಡಕ್ಟರುಗಳು ಮಾತ್ರ ಬಗ್ಗಿ ಸೀಟಿನ ಕೆಳಗೆಲ್ಲ ನೋಡಿ ಯಾರೂ ಇಲ್ಲಮ್ಮ ಅನ್ನುತ್ತಿದ್ದರು.

ಹೊಳೆಯ ಆಚೆ ದಡದ ಊರಿನಲ್ಲಿ ನಮ್ಮೂರ ಹುಡುಗನ ಮದುವೆಯಾಗಿತ್ತು. ಮದುವೆ ಮುಗಿದ ಮೇಲೆ ಬೀಗರ ಊಟ. ಮುದ್ದೆ, ಬಾಡು, ಹೊಟ್ಟೆ ಬಿರಿಯುವಷ್ಟು ಬಡಿಸಿ ಕಳಿಸಿದ್ದರು. ಸಂಜೆಗೆ ಮುಂಚೆ ಈ ದಡ ಸೇರಬೇಕೆಂದು ಒಂದೇ ತೆಪ್ಪಕ್ಕೆ ಹತ್ತಬಾರದಷ್ಟು ಜನ ಹತ್ತಿದರು. ನಡುಹೊಳೆಯಲ್ಲಿ ತೆಪ್ಪ ಮಗುಚಿತು. ಈಜಿ ಬಂದವರು ಬಂದರು. ಉಳಿದವರನ್ನು ನಮ್ಮೂರ ಗಂಡಸರೇ ಮುಳುಗಿ ಮುಳುಗಿ ತೆಗೆದು ಮರಳಿನ ಮೇಲೆ ಮಲಗಿಸಿದರು. ಎಲ್ಲರೂ ಸಿಕ್ಕಿದರು, ಅಕ್ಕನ ಯಜಮಾನರೊಬ್ಬರು ಸಿಗಲಿಲ್ಲ. ಕೆಳಗೆ ಹೊಳೆ ಬಂಡೆಗಳ ನಡುವೆ ನುಗ್ಗಿ ಹೋಗುವ ಜಾಗವಿದೆ. ಅಲ್ಲಿಗೆ ಹೋದದ್ದು ತಿರುಗಿ ಬರುವುದಿಲ್ಲ ಎಂದು ದೊಡ್ಡವರು ಹೇಳಿದರು. ಅಕ್ಕ ಒಪ್ಪಲಿಲ್ಲ.

ಆವತ್ತು ಅಕ್ಕ ಊಟಕ್ಕೆ ಹೋಗದೆ ಉಳಿದದ್ದು ಹುಳುಗಳಿಂದಾಗಿ. ರೇಷ್ಮೆಹುಳ ಕೊನೆಯ ಸಲ ಪೊರೆ ಕಳಚಿ ನಾಲ್ಕನೇ ಜ್ವರ ಎದ್ದ ಮೇಲೆ ಹಗಲು ರಾತ್ರಿ ಮೇಯುತ್ತದೆ, ಒಂದು ಹೊತ್ತು ಸೊಪ್ಪು ತಪ್ಪಿದರೂ ಬೆಳೆ ಹೋಯಿತು. ಊರಲ್ಲಿ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಹುಳ ಅದೇ ಹದದಲ್ಲಿದ್ದವು. ಸೂತಕದವರು ಹುಳದ ಮನೆಗೆ ಕಾಲಿಡುವಂತಿಲ್ಲ, ಅದು ನಮ್ಮ ಕಡೆ ಬಲು ಕಟ್ಟುನಿಟ್ಟು. ಸಾವಾದ ಮನೆಗಳೆಲ್ಲ ಒಂದೇ ವಂಶದವು. ಅಕ್ಕನ ಯಜಮಾನರು ಬೇರೆ ವಂಶ, ಗೆಳೆತನಕ್ಕೆ ಊಟಕ್ಕೆ ಹೋದವರು. ಹೆಣ ಸಿಗದ್ದರಿಂದ ಅಕ್ಕನ ಮನೆಗೆ ಸೂತಕ ಇರಲಿಲ್ಲ.

ಊರೆಲ್ಲ ಬಾಯಿ ಬಡಿದುಕೊಂಡು ಅಳುತ್ತಿರುವಾಗ ಅಕ್ಕ ಸೆರಗು ಬಿಗಿದು ಸೊಪ್ಪು ಕೊಯ್ಯಲು ಹೋದರು. ಸೂತಕದ ಮನೆಗಳ ಹುಳಕ್ಕೆಲ್ಲ ಒಂದೊಂದಾಗಿ ಹೋಗಿ ಸೊಪ್ಪು ಹಾಕಿದರು. ಪಕ್ಕದ ಊರಿನವರೂ ಬಂದು ಕೈಜೋಡಿಸಿದರು. ಹುಳ ಹಣ್ಣಾಗಿ, ಬಿದಿರಿನ ಚಂದ್ರಿಕೆಯ ಮೇಲೆ ಗೂಡು ಕಟ್ಟಿ, ಗೂಡು ರಾಮನಗರದ ಮಾರುಕಟ್ಟೆಗೆ ಹೋಗುವ ತನಕ ಅಕ್ಕ ನಿಂತ ಜಾಗದಲ್ಲಿ ನಿಲ್ಲಲಿಲ್ಲ. ನನ್ನ ತಾಯಿ ಒಮ್ಮೆ ತಡೆದು, ನೀನೂ ಒಸಿ ಅತ್ಕೊಳ್ಳೇ ಎಂದರಂತೆ.

“ನಮ್ಮನೇಲಿ ಸೂತಕ ಇಲ್ವಲ್ಲ ಕಣತ್ತೆ,” ಎಂದರಂತೆ ಅಕ್ಕ. “ಯಾರ್ನ ಅಂತ ಅಳ್ಳಿ?”

ಆ ಬೆಳೆ ಊರನ್ನು ಉಳಿಸಿತು. ಆಮೇಲೆ ಸತ್ತವರ ಮನೆಯವರು ಒಬ್ಬೊಬ್ಬರಾಗಿ ಕನಕಪುರಕ್ಕೆ ಬಂದು ಫೋಟೋ ದೊಡ್ಡದು ಮಾಡಿಸಿಕೊಂಡು ಹೋದರು. ನಾನಾಗ ಬೇರೆಯವರ ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದೆ, ಆ ಮುಖಗಳಿಗೆಲ್ಲ ನೀಲಿ ಬಣ್ಣ ಕೊಟ್ಟವನು ನಾನೇ. ಅಕ್ಕ ಬರಲಿಲ್ಲ. ಕುಂಕುಮ ತೆಗೆಯಲಿಲ್ಲ, ಬಳೆಯನ್ನೂ ತೆಗೆಯಲಿಲ್ಲ. ಮದುವೆ ಮನೆಗಳಲ್ಲಿ ಮುತ್ತೈದೆಯರನ್ನು ಅರಿಶಿನಕ್ಕೆ ಕರೆಯುವ ಹೊತ್ತಿಗೆ ಸರಿಯಾಗಿ, “ಅನ್ನ ತಳ ಹಿಡೀತದೆ” ಎಂದು ಅಡುಗೆ ಕಡೆ ಎದ್ದು ಹೋಗುತ್ತಿದ್ದರು. ಕರೆಯಬೇಕೋ ಬೇಡವೋ ಎಂಬ ಸಂಕಟ ಯಾರಿಗೂ ಬಾರದಂತೆ ನೋಡಿಕೊಂಡರು.

ಮೈದುನನದು ಬೇರೆ ಕಥೆ. ತೆಪ್ಪ ಮಗುಚಿದ ದಿನ ಬೆಳಿಗ್ಗೆ ಅಣ್ಣತಮ್ಮಂದಿರಿಗೆ ಬೋರ್‌ವೆಲ್ ನೀರಿಗೆ ಜಗಳವಾಗಿತ್ತು. ಇವನು ಬೀಗರ ಊಟಕ್ಕೆ ಬರುವುದಿಲ್ಲ ಎಂದು ಹೊಲದಲ್ಲೇ ನಿಂತ. “ಎತ್ಲಾಗಾದ್ರೂ ಹಾಳಾಗೋಗು” ಎಂದು ಅಣ್ಣನ ಬೆನ್ನಿಗೆ ಕೂಗಿದ್ದನ್ನು ಊರೇ ಕೇಳಿತ್ತು. ಅಣ್ಣ ಸತ್ತಿದ್ದಾನೆ ಎಂದರೆ ಅದೇ ಕೊನೆಯ ಮಾತಾಗುತ್ತದೆ. ಓಡಿಹೋಗಿದ್ದಾನೆ ಎಂದರೆ ಎಂದಾದರೂ ಬರಬಹುದು. ಅವನು ಎರಡನೆಯದನ್ನು ಹಿಡಿದುಕೊಂಡ. ಬಿಡದಿ ಕಡೆ ಕೆಲಸಕ್ಕೆ ಹೋದಾಗ ಒಂದು ಕಾರ್ಖಾನೆ ಗೇಟಿನಲ್ಲಿ ಅಣ್ಣನಂಥವನನ್ನೇ ಕಂಡೆ ಎಂದು ಊರಿಗೆ ಬಂದು ಹೇಳಿದ. ಅದೇ ಹೆಗಲು, ಅದೇ ನಡಿಗೆಯಂತೆ. ಊರಿನ ಬಾಯಿಗೆ ಅಷ್ಟು ಸಾಕಾಯಿತು. ಆಚೆ ದಡದಲ್ಲಿ ಯಾವಳನ್ನೋ ಇಟ್ಟುಕೊಂಡಿದ್ದ, ತೆಪ್ಪ ಮಗುಚಿದ್ದೇ ನೆಪ ಮಾಡಿಕೊಂಡು ಹೋದ ಎಂಬಲ್ಲಿಯವರೆಗೆ ಬೆಳೆಯಿತು.

ಅಕ್ಕ ಬಿಡದಿಗೆ ಹೋದರು. ಪಾಳಿ ಬಿಡುವ ಹೊತ್ತಿಗೆ ಗೇಟಿನ ಎದುರು ನಿಂತು, ಸಮವಸ್ತ್ರ ಹಾಕಿಕೊಂಡು ಹೊರಬರುವ ಗಂಡಸರ ಮುಖವನ್ನೆಲ್ಲ ನೋಡಿದರು. ಕೊನೆಗೆ ಬಂದವನನ್ನು ಅದೇ ಪ್ರಶ್ನೆ ಕೇಳಿದರು. ಯಾರೂ ಇಲ್ಲ ಎಂದ. ವಾಪಸು ಬರುತ್ತ ನನ್ನ ಸ್ಟುಡಿಯೋಗೆ ಬಂದು ನೀರು ಕುಡಿದರು.

“ನಮ್ಮನೆಯವ್ರು ಓಡೋಗೋ ಜಾತಿ ಅಲ್ಲ ಕಣಪ್ಪ. ಸಂತೆಗೆ ಹೋದ್ರೂ ದಾರೀಲಿ ಯಾರೋ ಸಿಕ್ದ ಅಂತ ಮನೆಗೆ ಕರ್ಕೊಂಡು ಬಂದ್ಬುಡೋರು. ಸತ್ತವ್ರೆ ಅಂದ್ರೆ ಅಂದ್ಕೊಳ್ಳಲಿ. ಓಡೋದ ಅನ್ನೋದು ಬ್ಯಾಡ.”

ಅವರು ಸತ್ತಿದ್ದಾರೆ ಎಂಬ ಮಾತನ್ನು ಅಕ್ಕನ ಬಾಯಲ್ಲಿ ನಾನು ಕೇಳಿದ್ದು ಆವತ್ತೇ ಮೊದಲು.

ನಮ್ಮ ರಾಮನಗರದ ಬಂಡೆಗಳಿಗೂ ಕ್ಯಾಮೆರಾ ಹೊಸದಲ್ಲ. ಶೂಟಿಂಗ್ ಅಂದರೆ ಕುರಿ ಬಿಟ್ಟು ನೋಡಲು ಓಡಿದವರ ಮಕ್ಕಳು, ಮೊಮ್ಮಕ್ಕಳು ನಾವು. ಆದರೆ ನಮ್ಮ ಊರಿನ ತೆಪ್ಪದ ಕಥೆಯನ್ನೇ ಸಿನಿಮಾ ಮಾಡುತ್ತೇವೆ ಎಂದು ಬೆಂಗಳೂರಿನಿಂದ ಒಬ್ಬ ನಿರ್ದೇಶಕರು ಬಂದಾಗ ಯಾರೂ ನೋಡಲು ಓಡಲಿಲ್ಲ. ವಯಸ್ಸು ಚಿಕ್ಕದು, ಮಾತು ಮೆತ್ತಗೆ. ಊರಿನವರೇ ಪಾತ್ರ ಮಾಡಬೇಕು, ಇದು ಸಾವಿನ ಕಥೆಯಲ್ಲ, ನಿಮ್ಮ ಛಲದ ಕಥೆ ಎಂದು ಅರಳಿಕಟ್ಟೆ ಮೇಲೆ ಕೂತು ವಿವರಿಸಿದರು. ಹೆಣ ತೆಗೆದವರಲ್ಲಿ ಹಿರಿಯನಾದ ತೆಪ್ಪದ ಅಜ್ಜ ಕೇಳಿದ.

“ಸತ್ತೋರ್ನ ಯಾಕಪ್ಪ ಇನ್ನೊಂದ್ಸಲ ಮುಳುಗಿಸ್ತೀರಾ?”

ನಿರ್ದೇಶಕರು ಕೈಯಲ್ಲಿದ್ದ ಕಥೆಯ ಕಾಗದಗಳನ್ನು ಜೋಡಿಸಿಕೊಂಡರು. ಹೆಂಗಸರ ಹಿಂದಿನಿಂದ ಅಕ್ಕ ಎದ್ದು ನಿಂತರು.

“ನಿಮ್ ಕಥೇಲಿ ನಮ್ಮನೆಯವ್ರು ಸಿಕ್ತಾರಾ?”

ಅವರು ಕಾಗದ ತಿರುವಿ ನೋಡಲಿಲ್ಲ, ಅಕ್ಕನ ಮುಖವನ್ನೇ ನೋಡಿದರು. “ಸಿಗ್ತಾರಮ್ಮ. ಕೊನೇಲಿ ಸಿಗ್ತಾರೆ. ಹಾಗೇ ಬರೆದಿದ್ದೀನಿ.”

“ಹಂಗಾದ್ರೆ ಮಾಡ್ಲಿ ಬುಡಿ,” ಎಂದರು ಅಕ್ಕ ಊರಿನವರಿಗೆ. ಅಕ್ಕ ಹೇಳಿದ ಮೇಲೆ ಬೇಡ ಎನ್ನುವ ಬಾಯಿ ನಮ್ಮೂರಲ್ಲಿ ಇರಲಿಲ್ಲ.

ಒಂದು ಶಾಟಿಗೂ ಇನ್ನೊಂದಕ್ಕೂ ನಡುವೆ ಬಳೆ, ಬೊಟ್ಟು, ಅಂಗಿಯ ಗುಂಡಿ ಬದಲಾಗದಂತೆ ಫೋಟೋ ತೆಗೆದಿಡುವ ಕೆಲಸಕ್ಕೆ ನನ್ನನ್ನು ಸೇರಿಸಿಕೊಂಡರು. ಅಕ್ಕನ ಪಾತ್ರಕ್ಕೆ ಬೆಂಗಳೂರಿನ ನಟಿ. ಒಳ್ಳೆಯ ಹೆಣ್ಣುಮಗಳು, ಹುಳ ಮುಟ್ಟಲು ಮೊದಲ ದಿನ ಕಣ್ಣು ಮುಚ್ಚಿಕೊಂಡಳು. ಅಕ್ಕ ಅವಳ ಅಂಗೈ ಮೇಲೆ ಒಂದು ಹುಳ ಬಿಟ್ಟು, “ಕಚ್ಚಕ್ಕೆ ಅದ್ಕೆ ಪುರುಸೊತ್ತಿಲ್ಲ ಕಣವ್ವ” ಎಂದರು. ಅಕ್ಕ ಸೂತಕದ ಮನೆಗಳಿಗೆಲ್ಲ ಸೊಪ್ಪು ಹಾಕಿದ ಕಥೆಯನ್ನು ಬಹಳ ಚೆನ್ನಾಗಿ ತೆಗೆದರು. ಅದನ್ನು ಇಲ್ಲ ಎನ್ನಲಾರೆ.

ಹೆಣದ ಪಾತ್ರಕ್ಕೆ ಒಂದು ಗೊಂಬೆ ಬಂತು. ರಬ್ಬರಿನ ತಲೆ ಬಿಸಿಲಿಗೆ ಮಿಂಚುತ್ತದೆ ಎಂದು ಚನ್ನಪಟ್ಟಣದಲ್ಲಿ ಮರದ ತಲೆ ಕಡೆಸಿದ್ದರು. ಕುಂಕುಮದ ಡಬ್ಬಿ, ಗಿರಿಗಿಟ್ಟಲೆ ಕಡೆದು ರೂಢಿಯಾದ ಕೈ, ತಲೆ ಗುಂಡಗೆ ನುಣ್ಣಗೆ ಬಂದಿತ್ತು, ಮೂಗು ಇದ್ದೂ ಇಲ್ಲದಂತಿತ್ತು. ಮುಖ ಆಚೆ ತಿರುಗಿಸಿ ಮಲಗಿಸಿದರೆ ಸಾಕು ಎಂದರು. ಮೈಗೆ ಬಟ್ಟೆ, ಸ್ಪಂಜು, ತೇಲದಿರಲು ಮರಳು. ಅಂಗಿ ಎಂಥದ್ದಿತ್ತು ಎಂದು ಕೇಳಿದಾಗ ಅಕ್ಕ ಪೆಟ್ಟಿಗೆಯಿಂದ ಒಂದು ಗೆರೆ ಅಂಗಿ ತಂದುಕೊಟ್ಟರು. ತೆಪ್ಪ ಮಗುಚಿದ ಆ ಮದುವೆಗೆಂದು ಅಕ್ಕನ ಅತ್ತೆ ಒಂದೇ ಥಾನಿನಲ್ಲಿ ಇಬ್ಬರು ಮಕ್ಕಳಿಗೂ ಹೊಲಿಸಿದ್ದರಂತೆ. ಅಣ್ಣನದು ಹೊಳೆಗೆ ಹೋಯಿತು. ತಮ್ಮ ಆ ದಿನದಿಂದ ತನ್ನದನ್ನು ಮೈಗೆ ಹಾಕಿರಲಿಲ್ಲ, ಅತ್ತಿಗೆಯ ಪೆಟ್ಟಿಗೆಯಲ್ಲೇ ಬಿಟ್ಟಿದ್ದ.

ಆ ದಿನ ಮಧ್ಯಾಹ್ನದ ಬಿಸಿಲು. ಅಂದು ನಿಜವಾಗಿ ಹೆಣ ತೆಗೆದಿದ್ದ ಗಂಡಸರೇ ಗೊಂಬೆಯನ್ನು ನೀರಿನಿಂದ ಎತ್ತಿ ಮರಳಿಗೆ ತಂದರು. ಅಭ್ಯಾಸದ ಕೈಗಳು, ತಲೆ ಜೋಲದಂತೆ ಒಬ್ಬ ಕೆಳಗೆ ಕೈ ಕೊಟ್ಟಿದ್ದ. ಗೆರೆ ಅಂಗಿಯಿಂದ ನೀರು ಸುರಿಯುತ್ತಿತ್ತು. ನಟಿ ಓಡಿ ಬಂದು ಬೀಳಬೇಕು, ಹೆಂಗಸರು ಅಳಬೇಕು ಎಂದು ಹೇಳಿಕೊಟ್ಟಿದ್ದರು. ನಟಿ ಓಡುವ ಮೊದಲೇ ಗುಂಪಿನಿಂದ ಅಕ್ಕ ನಡೆದು ಬಂದರು. ಪಕ್ಕದಲ್ಲಿ ಕೂತರು. ಎದೆಯ ಮೇಲೆ ಕೈಯಿಟ್ಟು ಅಂಗಿಯನ್ನು ಗುಂಡಿ ಸಮೇತ ಮುಷ್ಟಿಯಲ್ಲಿ ಹಿಡಿದುಕೊಂಡರು. ಆಮೇಲೆ ನನ್ನ ತಾಯಿಯ ದನಿ ಎದ್ದಿತು.

“ಬೀಗರೂಟಕ್ಕೋಗಿ ಹಸ್ಕೊಂಡು ಬಂದ್ಯಲ್ಲೋ ನನ್ನಪ್ಪ, ಇಷ್ಟ್ ದಿನ ಎಲ್ಲಿದ್ದೋ ನನ್ನಪ್ಪ…”

ಅದರ ಮೇಲೆ ಊರಿನ ಹೆಂಗಸರೆಲ್ಲ ಹಾಡಿಕೊಂಡು ಅತ್ತರು. ನಿರ್ದೇಶಕರು ಕಟ್ ಎಂದರು, ಇನ್ನೊಮ್ಮೆ ಎಂದರು, ಆಮೇಲೆ ಸುಮ್ಮನಾದರು. ನಟಿ ನಿಂತಲ್ಲೇ ಅಳುತ್ತಿದ್ದಳು. ಅಕ್ಕ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೈಗೆ ಬಂದ ಹಾಗೆ ಒಂದು ಫೋಟೋ ತೆಗೆದೆ, ಆಮೇಲೆ ಕ್ಯಾಮೆರಾ ಕೆಳಗಿಟ್ಟೆ.

ಸಿನಿಮಾದವರು ಹುಣಸೆ ಮರದ ಕೆಳಗೆ ಊಟಕ್ಕೆ ಹೋದರು. ತಿರುಗಿ ಬಂದಾಗ ಗೊಂಬೆ ಇರಲಿಲ್ಲ. ತೋಟದ ಅಂಚಿನಲ್ಲಿ, ಅಕ್ಕನ ಅತ್ತೆ ಮಾವನನ್ನು ಮಣ್ಣು ಮಾಡಿದ ಗುಡ್ಡೆಗಳ ಪಕ್ಕದಲ್ಲಿ ಹೊಸ ಮಣ್ಣಿನ ಗುಡ್ಡೆ ಎದ್ದಿತ್ತು. ಸಿನಿಮಾದವರ ಮ್ಯಾನೇಜರು ಕೂಗಾಡಿದ.

“ಅದು ನಮ್ಮ ಪ್ರಾಪರ್ಟಿ ಕಣ್ರೀ. ನಾಳೆ ಮಣ್ಣು ಮಾಡೋ ಸೀನಿದೆ.”

ತೆಪ್ಪದ ಅಜ್ಜನಿಗೆ ಅವನ ಕೋಪ ಅರ್ಥವೇ ಆಗಲಿಲ್ಲ. “ಹೊಳೆಯಿಂದ ತೆಗೆದಾಯ್ತು. ಹೆಂಗಸ್ರು ಅತ್ತಾಯ್ತು. ಇನ್ನು ನಾಳೆಗಂಟ ಇಟ್ಕೊಳ್ಳಕ್ಕಾಯ್ತದಾ? ನಾಳೆ ಗುಡ್ಡೆ ತೋರ್ಸಪ್ಪ, ಎಲ್ಲೋಗ್ತದೆ.”

ಮೈದುನ ಮಾತ್ರ ದೂರ ನಿಂತಿದ್ದ. “ದೊಡ್ಡೋರೆಲ್ಲ ಸೇರ್ಕೊಂಡು ಗೊಂಬೆಯಾಟ ಆಡ್ತಾವ್ರೆ,” ಎಂದು ಹೊರಟುಹೋದ. ಒಂದು ಹಿಡಿ ಮಣ್ಣು ಹಾಕಲಿಲ್ಲ. ಮೂರನೇ ದಿನ ಗುಡ್ಡೆಗೆ ಹಾಲುತುಪ್ಪ ಬಿಡುವಾಗ, ಒಡಹುಟ್ಟಿದವನು ಬಿಡಬೇಕೆಂದು ಎಲ್ಲರೂ ಕಾದರು. ಬರಲಿಲ್ಲ. ಅಕ್ಕ ತಾವೇ ಬಿಟ್ಟರು. ಆ ದಿನಗಳಲ್ಲಿ ಅಕ್ಕ ಹುಳದ ಮನೆಗೆ ಕಾಲಿಡಲಿಲ್ಲ, ನಮ್ಮನೇಲಿ ಸೂತಕ ಎಂದರು. ಹಿಂದೆ ಯಾವ ಮನೆಗಳ ಹುಳಕ್ಕೆ ಅಕ್ಕ ಸೊಪ್ಪು ಹಾಕಿದ್ದರೋ ಆ ಮನೆಯವರು ಸರದಿ ಮೇಲೆ ಬಂದು ಅಕ್ಕನ ಹುಳ ಸಾಕಿದರು. ಇದು ಸಿನಿಮಾದಲ್ಲಿ ಇಲ್ಲ.

ಕುಂಕುಮ ತೆಗೆಯೋಣವಾ ಎಂದು ನನ್ನ ತಾಯಿ ಕೇಳಿದಾಗ ಅಕ್ಕ, “ಸಿನ್ಮಾ ಬರ್ಲಿ ಕಣತ್ತೆ. ನಾಲ್ಕು ಜನದ ಮುಂದೆ ಸಿಕ್ಕವ್ರೆ ಅಂತ ಆಗ್ಲಿ. ಆಮೇಲೆ ತೆಗೀತೀನಿ” ಎಂದರು.

ಸಿನಿಮಾ ಬಂತು. ಊರಿನವರೆಲ್ಲ ಟೆಂಪೋ ಮಾಡಿಕೊಂಡು ರಾಮನಗರದ ಟಾಕೀಸಿಗೆ ಮ್ಯಾಟಿನಿ ನೋಡಲು ಹೋದೆವು. ಅಕ್ಕ ಹೊಸ ಸೀರೆ ಉಟ್ಟಿದ್ದರು. ತೆಪ್ಪ ಮಗುಚಿದಾಗ ನಮ್ಮವರು ಮುಖ ಮುಚ್ಚಿಕೊಂಡರು. ಹುಳಕ್ಕೆ ಸೊಪ್ಪು ಹಾಕುವ ದೃಶ್ಯಕ್ಕೆ ಇಡೀ ಟಾಕೀಸು ಚಪ್ಪಾಳೆ ತಟ್ಟಿತು. ಆಮೇಲೆ ನಟಿ ಒಂಟಿಯಾಗಿ ದಡದಲ್ಲಿ ನಿಂತು ಹೊಳೆಯನ್ನು ನೋಡಿದಳು. ಹೊಳೆ ಹರಿಯಿತು. ಹೆಸರುಗಳು ಬರತೊಡಗಿದವು.

ಮರಳಿನ ದೃಶ್ಯ ಇರಲಿಲ್ಲ. ಗೊಂಬೆ ಇರಲಿಲ್ಲ, ಅಳು ಇರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಹುಡುಗ ಗೆಳೆಯನಿಗೆ ಹೇಳಿದ. “ಗಂಡ ಎಲ್ಲೋ ಓಡೋಗಿರ್ಬೇಕು ಕಣ್ಲಾ.” ಇಬ್ಬರೂ ನಕ್ಕು ಎದ್ದು ಹೋದರು. ದೀಪ ಹತ್ತಿತು, ಜನ ಹೊರಟರು. ಅಕ್ಕ ಪರದೆ ನೋಡುತ್ತ ಕೂತೇ ಇದ್ದರು. ಕಸ ಗುಡಿಸುವವನು ಪೊರಕೆ ಹಿಡಿದು ಬಂದ.

“ಹಿಂದೆ ಇನ್ನೊಸಿ ಐತೇನಪ್ಪ?” ಎಂದು ಕೇಳಿದರು.

“ಮುಗೀತಮ್ಮ,” ಎಂದ ಅವನು.

ನಾನು ನಿರ್ದೇಶಕರಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಅಂದೆ. ಅವರು ಬೇಜಾರು ಮಾಡಿಕೊಳ್ಳದೆ ಕೇಳಿಸಿಕೊಂಡರು. ಆ ಅಳು ತುಂಬಾ ಜಾಸ್ತಿ ಅನ್ನಿಸಿತು, ಆಕೆ ಕಾಯುತ್ತಲೇ ಇರುವುದು ಹೆಚ್ಚು ತಟ್ಟುತ್ತದೆ ಎಂದರು. ತಟ್ಟಿರಬಹುದು. ನೋಡಿದವರು ಮನೆಗೆ ಹೋಗಿ ಊಟ ಮಾಡುತ್ತಾರೆ, ಕಾಯುವವರು ಕಾಯುತ್ತಾರೆ. ಜನಕ್ಕೆ ಅಕ್ಕನ ಛಲ ಬೇಕಿತ್ತು. ಅಕ್ಕನಿಗೆ ಬೇಕಾಗಿದ್ದದ್ದು ಒಂದು ಹೆಣ. ನನಗೆ ಆ ನಿರ್ದೇಶಕರ ಮೇಲೆ ಇನ್ನೂ ಸಿಟ್ಟಿದೆ.

ಕೆಲವು ದಿನ ಬಿಟ್ಟು ಅಕ್ಕ ಸ್ಟುಡಿಯೋಗೆ ಬಂದರು. “ನಿನ್ ತಾವ ಐತಾ?” ಎಂದರಷ್ಟೆ. ನಾನು ಕಂಪ್ಯೂಟರಿನಲ್ಲಿ ಆ ಫೋಟೋ ತೆಗೆದು ತೋರಿಸಿದೆ. ಮರಳು, ಆಚೆ ತಿರುಗಿದ ತಲೆ, ಒದ್ದೆ ಅಂಗಿ, ಅದನ್ನು ಹಿಡಿದ ಕೈ. ಬಹಳ ಹೊತ್ತು ನೋಡಿದರು. ಅಕ್ಕ, ಅದು ಗೊಂಬೆ ಎಂದೆ.

“ನಂಗೊತ್ತಿಲ್ವೇನಪ್ಪ? ಅಂಗಿ ಗೊಂಬೇದಲ್ವಲ್ಲ. ದೊಡ್ಡದು ಮಾಡ್ಕೊಡು. ಬಾಗ್ಲು ತೆಗೆದ್ರೆ ಎದುರಿಗೇ ಕಾಣೋ ಹಂಗೆ ಹಾಕ್ತೀನಿ. ಬಂದೋರು ನೋಡ್ಕೊಳ್ಳಲಿ, ಸಿಕ್ಕವ್ರೆ ಅಂತ.”

ಗಿರಾಕಿಗಳು ತಲೆ ಬಾಚಿಕೊಳ್ಳಲೆಂದು ನನ್ನ ಸ್ಟುಡಿಯೋದಲ್ಲಿ ಒಂದು ಕನ್ನಡಿ ಇದೆ, ಪಕ್ಕದಲ್ಲಿ ಪೌಡರ್ ಡಬ್ಬ. ಅಕ್ಕ ಎದ್ದು ಅದರ ಮುಂದೆ ನಿಂತರು. ಸೆರಗಿನ ತುದಿಯನ್ನು ನಾಲಿಗೆಗೆ ತಾಗಿಸಿ ಹಣೆಯ ಕುಂಕುಮವನ್ನು ಒರೆಸಿಕೊಂಡರು. ಒಂದೇ ಸಲಕ್ಕೆ ಹೋಗಲಿಲ್ಲ. ನಾನು ತಿರುಗಿ ನಿಂತೆ.

ಹೋದ ತಿಂಗಳು ಮೈದುನ ಬಂದು ಹೋದ ಮೇಲೆ ಅದೇ ಫೋಟೋವನ್ನು ತೆರೆದು ಕೂತೆ. ಒಬ್ಬರನ್ನೇ ಬಿಡಿಸುವುದು ನನಗೆ ದೊಡ್ಡ ಕೆಲಸವಲ್ಲ. ಮುಖ ಬಂತು, ಹೆಗಲು ಬಂತು. ಕೈ ಬರಲಿಲ್ಲ. ಗೊಂಬೆಯನ್ನು ತೆಗೆದರೆ ಅಕ್ಕನ ಮುಷ್ಟಿ ನೀಲಿ ಬಣ್ಣದಲ್ಲಿ ಏನನ್ನೋ ಹುಡುಕುವಂತೆ ಕಾಣುತ್ತಿತ್ತು. ನೋಡಲಾಗಲಿಲ್ಲ. ಇದ್ದ ಹಾಗೇ ಪ್ರಿಂಟ್ ತೆಗೆದು, ಕಟ್ಟು ಹಾಕಿಸಿ, ಹಾಲುತುಪ್ಪಕ್ಕೆ ಹೋದೆ.

ಅಕ್ಕನನ್ನು ಗೊಂಬೆಯ ಗುಡ್ಡೆಯ ಪಕ್ಕದಲ್ಲೇ ಮಣ್ಣು ಮಾಡಿದ್ದರು. ಅದು ತೆಪ್ಪದ ಅಜ್ಜನ ತೀರ್ಮಾನವಂತೆ. ಮೈದುನ ಕಾಗದ ಬಿಚ್ಚಿ ಫೋಟೋ ನೋಡಿದ. ಬೈಯುತ್ತಾನೆ ಎಂದುಕೊಂಡೆ. ಅವನು ಅಕ್ಕನ ಮುಖ ನೋಡುತ್ತಿರಲಿಲ್ಲ, ಅಂಗಿಯ ಗೆರೆಗಳ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ.

“ನಂದು ಕಣಣ್ಣ ಈ ಅಂಗಿ,” ಎಂದ. “ಅವ್ವ ಇಬ್ರಿಗೂ ಒಂದೇ ಥರ ಹೊಲಿಸಿದ್ಲು.”

ಫೋಟೋವನ್ನು ನನ್ನ ಕೈಗೆ ಕೊಟ್ಟು ಚೊಂಬು ಎತ್ತಿಕೊಂಡ. ಅತ್ತಿಗೆಯ ಗುಡ್ಡೆಗೆ ಹಾಲುತುಪ್ಪ ಬಿಟ್ಟ. ಇನ್ನೊಬ್ಬರು ಚೊಂಬಿಗೆ ಕೈ ಚಾಚಿದರು. ಅವನು ಕೊಡಲಿಲ್ಲ. ತಳದಲ್ಲಿ ಉಳಿದದ್ದನ್ನು ಅಲ್ಲಾಡಿಸಿ ನೋಡಿ, ಹುಲ್ಲು ಬೆಳೆದಿದ್ದ ಪಕ್ಕದ ಗುಡ್ಡೆಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ.

“ಅಣ್ಣಂಗೂ ಒಸಿ,” ಎಂದು ಬಗ್ಗಿಸಿದ.